ಕಣ್ಣು ಮುಚ್ಚಿ ಕೂತ ಇಪ್ಪತ್ತು ನಿಮಿಷ

ನನ್ನಮ್ಮ ಹತ್ತೊಂಬತ್ತು ವರ್ಷ ಬಾಟಲಿ ನೋಡಿದಳು.

ಹೀಗೆಂದರೆ ಕೇಳಿದವರು ನಗುತ್ತಾರೆ, ನೋಡುವುದೂ ಒಂದು ಕೆಲಸವೇ ಅನ್ನುತ್ತಾರೆ. ಮಕ್ಕಳ ಔಷಧಿ ತುಂಬುವ ಗೇಣುದ್ದದ ಗಾಜಿನ ಬಾಟಲಿಗಳು ಕುಲುಮೆಯಿಂದ ಹೊರಬಿದ್ದು, ಆರಿ, ಓಡುವ ಪಟ್ಟಿಯ ಮೇಲೆ ಸಾಲಾಗಿ ಬರುತ್ತವೆ. ಅವುಗಳ ಹಿಂದೆ ಬೆಳ್ಳಗೆ ಉರಿಯುವ ಪರದೆ. ಮುಂದೆ, ಎತ್ತರದ ಸ್ಟೂಲಿನ ಮೇಲೆ, ನನ್ನಮ್ಮ. ಕೂದಲೆಳೆಯಂಥ ಬಿರುಕು, ತಳದಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆ, ಸೊಟ್ಟಗಾದ ಕತ್ತು, ಯಾವುದು ಕಣ್ಣಿಗೆ ಬಿದ್ದರೂ ಎಡಗೈಯಿಂದ ಎತ್ತಿ ಪಕ್ಕದ ತೊಟ್ಟಿಗೆ ಹಾಕಬೇಕು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಬಾಟಲಿಯ ಹೊಟ್ಟೆಯೊಳಗೆ ಈ ಗೋಡೆಯಿಂದ ಆ ಗೋಡೆಗೆ ಅಡ್ಡ ಹಾಯ್ದ ಗಾಜಿನ ಎಳೆ. ಅದಕ್ಕೆ ಅಲ್ಲಿಯ ಹೆಂಗಸರು ಜೋಕಾಲಿ ಅನ್ನುತ್ತಿದ್ದರು. ಔಷಧಿ ತುಂಬುವಾಗ ಜೋಕಾಲಿ ಮುರಿದರೆ ಅದರ ಚೂರು ಯಾವುದೋ ಮಗುವಿನ ಚಮಚಕ್ಕೆ ಬರುತ್ತದೆ. ಅಮ್ಮನ ಕಣ್ಣು ತಪ್ಪಿಸಿ ಒಂದೇ ಒಂದು ಜೋಕಾಲಿಯೂ ಬಾಗಿಲು ದಾಟಿರಲಿಲ್ಲ. ಮಗಳ ಬಾಯಿಂದ ಬಂದ ಮಾತೆಂದು ತಳ್ಳಿಹಾಕಬೇಡಿ, ಕಾರ್ಖಾನೆಯ ಮೇಸ್ತ್ರಿಯೇ ಹಾಗೆ ಹೇಳುತ್ತಿದ್ದ.

ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಾಗೆ ನೋಡಿದರೆ ಕಣ್ಣು ಸೋತುಬಿಡುತ್ತದೆ, ಎದುರಿಗಿದ್ದ ಬಿರುಕೂ ಕಾಣುವುದಿಲ್ಲ. ಅದಕ್ಕೇ ಅಲ್ಲಿ ಇಬ್ಬಿಬ್ಬರ ಜೋಡಿ. ಒಬ್ಬಳು ಇಪ್ಪತ್ತು ನಿಮಿಷ ನೋಡುವಾಗ ಇನ್ನೊಬ್ಬಳು ಬೆನ್ನ ಹಿಂದಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿರಬೇಕು. ಗಂಟೆ ಟಿಣ್ ಎಂದ ಕೂಡಲೇ ಜಾಗ ಬದಲು. ಅಮ್ಮನ ಜೋಡಿ ಹತ್ತೊಂಬತ್ತು ವರ್ಷವೂ ಒಬ್ಬಳೇ. ನಾನು ಅವಳನ್ನು ಜೋಡಿ ಅತ್ತೆ ಎಂದೇ ಕರೆದು ಬೆಳೆದೆ. ಅಜ್ಜಿ, ಎಂದರೆ ಅಮ್ಮನ ಅಮ್ಮ, ನನಗೆ ಒಂದು ಕಥೆ ಹೇಳುತ್ತಿದ್ದಳು. ಎರಡು ತಲೆಯ ಹಕ್ಕಿಯೊಂದು ಒಂದೂರಿನ ಮಕ್ಕಳ ನಿದ್ದೆಯನ್ನು ಕಾಯುತ್ತಿತ್ತಂತೆ. ಒಂದು ತಲೆ ಕಣ್ಣು ಮುಚ್ಚಿದಾಗ ಇನ್ನೊಂದು ತೆರೆಯುತ್ತಿತ್ತಂತೆ. ಆ ಹಕ್ಕಿಯ ಒಂದು ತಲೆ ನನ್ನಮ್ಮ, ಇನ್ನೊಂದು ಜೋಡಿ ಅತ್ತೆ ಎಂದು ನಾನು ಬಹಳ ದಿನ ನಂಬಿದ್ದೆ. ನಿಜ ಹೇಳಬೇಕೆಂದರೆ ಈಗಲೂ ಪೂರ್ತಿ ಬಿಟ್ಟಿಲ್ಲ.

ಹೋದ ವರ್ಷ ಆ ಜಾಗಕ್ಕೆ ಆರು ಕ್ಯಾಮೆರಾಗಳ ಯಂತ್ರ ಬಂತು. ಹನ್ನೆರಡು ಹೆಂಗಸರಿಗೆ ಒಂದೊಂದು ಲಕೋಟೆ, ಒಂದೊಂದು ಹೂಗುಚ್ಛ ಕೊಟ್ಟು ಕಳಿಸಿದರು. ಅಮ್ಮ ಹೂವನ್ನು ಬಕೆಟ್ಟಿನಲ್ಲಿಟ್ಟು ಮುಖ ತೊಳೆದು ಬಂದಳು. ಆರು ಕಣ್ಣಿನ ಆ ರಾಕ್ಷಸ ಅಷ್ಟು ಚೆನ್ನಾಗಿ ನೋಡುತ್ತದೆಯೇ ಎಂದು ಅಜ್ಜಿ ಹಲ್ಲು ಕಡಿದು ಕೇಳಿದಳು.

"ಚೆನ್ನಾಗೇ ನೋಡತ್ತಮ್ಮ, ಸುಳ್ಳು ಯಾಕೆ ಹೇಳ್ಲಿ" ಅಂದಳು ಅಮ್ಮ. "ರೆಪ್ಪೇನೇ ಇಲ್ವಲ್ಲ ಅದಕ್ಕೆ."

ನಮ್ಮ ಮನೆಯಲ್ಲಿ ನಾವು ಮೂವರೇ. ನಾನು ಚಿಕ್ಕ ಮಕ್ಕಳ ಶಾಲೆಯೊಂದರಲ್ಲಿ ಅರ್ಧ ದಿನ ಕೆಲಸ ಮಾಡುತ್ತಿದ್ದೆ. ಆ ಸಂಬಳದಲ್ಲಿ ಬಾಡಿಗೆ ಕಟ್ಟಿದರೆ ಒಲೆ ಉರಿಯದು, ಒಲೆ ಉರಿಸಿದರೆ ಬಾಡಿಗೆ ಇಲ್ಲ. ಜೋಡಿ ಅತ್ತೆಯೇ ಬಂದು ನಿರುದ್ಯೋಗ ಭತ್ಯೆಯ ಫಾರಂ ಕೊಟ್ಟು ಹೋದಳು. ಬೇರೆ ಕೆಲಸ ಸಿಗುವ ತನಕ, ಹೆಚ್ಚೆಂದರೆ ಒಂಬತ್ತು ತಿಂಗಳು, ಹದಿನೈದು ದಿನಕ್ಕೊಮ್ಮೆ ಹಣ ಬರುತ್ತದೆ ಎಂದಳು. ಆ ಫಾರಂ ಒಂದು ವಾರ ಫ್ರಿಜ್ಜಿನ ಮೇಲೆ ಕೂತಿತ್ತು. ಅಮ್ಮ ದಿನಾ ಅದರ ಧೂಳು ಒರೆಸುತ್ತಿದ್ದಳು, ಬಿಡಿಸಿ ನೋಡುತ್ತಿರಲಿಲ್ಲ.

ಕೊನೆಗೆ ಅಜ್ಜಿ ಕೆಣಕಿದಳು. ಪ್ರತಿ ತಿಂಗಳೂ ನಿನ್ನ ಸಂಬಳದಲ್ಲಿ ಇದಕ್ಕೇ ಅಂತ ಹಿಡಿದಿದ್ದಾರೆ, ನಿನ್ನ ಹಗ್ಗ ನೀನು ಬಾವಿಗೆ ಇಳಿಬಿಟ್ಟು ಈಗ ಕೊಡ ಎತ್ತೋಕೆ ನಾಚಿಕೆ ಪಡ್ತೀಯಲ್ಲ ಎಂದು. ಆ ಸಂಜೆ ಅಮ್ಮ ಊಟದ ಮೇಜು ಒರೆಸಿ, ಹಳೇ ಪತ್ರಿಕೆ ಹಾಸಿ, ಒಳ್ಳೇ ಪೆನ್ನು ಹುಡುಕಿ ಕೂತಳು. ನಾನು ಒಂದೊಂದೇ ಪ್ರಶ್ನೆ ಓದಿದೆ, ಅವಳು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದಳು. ದಿನಕ್ಕೆ ಎಷ್ಟು ಗಂಟೆ ಕೆಲಸ ಎಂಬ ಪ್ರಶ್ನೆಗೆ ಅರೆಗಳಿಗೆಯೂ ಯೋಚಿಸದೆ ನಾಲ್ಕು ಎಂದು ಬರೆದಳು.

ನನಗೂ ಅದು ತಪ್ಪೆನಿಸಲಿಲ್ಲ. ಆ ಹೆಂಗಸರು ಮಾತಾಡುವುದೇ ಹಾಗೆ. ದಿನಕ್ಕೆ ಎಷ್ಟು ಎಂದು ಯಾರಾದರೂ ಕೇಳಿದರೆ "ನಾಲ್ಕು ಗಂಟೆ ನೋಡ್ತೀನಿ" ಅನ್ನುತ್ತಾರೆ. ಕಾರ್ಖಾನೆಯಲ್ಲಿರುವುದು ಎಂಟು ಗಂಟೆಯಾದರೂ ಅವರ ಲೆಕ್ಕಕ್ಕೆ ಬರುವುದು ಕಣ್ಣು ತೆರೆದಿದ್ದ ಹೊತ್ತು ಮಾತ್ರ. ಚಿಕ್ಕಂದಿನಿಂದ ಕೇಳಿದ ಮಾತು, ನನ್ನ ಕಿವಿಗೆ ಅದು ಸರಿಯಾಗಿಯೇ ಇತ್ತು.

ಮೂರು ವಾರದ ಮೇಲೆ ಉತ್ತರ ಬಂತು. ದಿನಕ್ಕೆ ಆರು ಗಂಟೆಗಿಂತ ಕಡಿಮೆ ದುಡಿದವರು ಅರೆಕಾಲಿಕರೆಂದು ಪರಿಗಣಿಸಲ್ಪಡುವುದರಿಂದ ನಿಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಆಕ್ಷೇಪಣೆಯಿದ್ದಲ್ಲಿ ಹದಿನೈದು ದಿನದೊಳಗೆ ಆಧಾರ ಸಹಿತ ಹಾಜರಾಗತಕ್ಕದ್ದು. ಅಮ್ಮ ಅದನ್ನು ಎರಡು ಸಲ ಓದಿದಳು. ನಾಲ್ಕಾಗಿ ಮಡಚಿದಳು. ಒಲೆಯ ಮೇಲಿದ್ದ ಹಾಲು ಉಕ್ಕಿ ಹರಿಯುವುದನ್ನು ನೋಡುತ್ತಾ ನಿಂತಳು. ಹಾಲು ಉಕ್ಕುವ ಮೊದಲೇ ಯಾವತ್ತೂ ಒಲೆ ಆರಿಸುತ್ತಿದ್ದ ಕಣ್ಣು ಅದು. ನನಗೆ ಆಗಲೇ ಭಯವಾದದ್ದು.

ಸುದ್ದಿ ತಿಳಿದು ಜೋಡಿ ಅತ್ತೆ ಓಡಿ ಬಂದಳು. ಅವಳಿಗೆ ಆಗಲೇ ಎರಡು ಕಂತು ಬಂದಾಗಿತ್ತು. ಅವಳು ಎಂಟು ಗಂಟೆ ಎಂದು ಬರೆದಿದ್ದಳು.

"ನೀನು ಕಣ್ಣು ಮುಚ್ಚಿ ಕೂತಿದ್ದನ್ನೂ ಸೇರಿಸಿ ಬರೆದ್ಯಾ?" ಅಮ್ಮ ಕೇಳಿದಳು. ಧ್ವನಿ ಏರಿಸಲಿಲ್ಲ, ಆದರೂ ಚುಚ್ಚಿತು.

ಜೋಡಿ ಅತ್ತೆಯ ಮುಖ ಸಣ್ಣದಾಯಿತು. "ಅಂದ್ರೆ ನಾನು ಕಳ್ಳಿ ಅಂತೀಯಾ? ಹತ್ತೊಂಬತ್ತು ವರ್ಷ ನಿನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತೋಳು ಕಣೆ ನಾನು. ಅಲ್ಲಿ ಒಂದೇ ಗಳಿಗೆ ಕಾಲು ಚಾಚಿದ್ದೀನಾ, ಹೇಳು."

ಅಮ್ಮ ಹಾಗನ್ನಲಿಲ್ಲ ಎಂದಳು. ಆದರೆ ಕೂತ ಹೊತ್ತನ್ನು ದುಡಿದ ಹೊತ್ತು ಎಂದು ಬರೆಯಲು ತನ್ನ ಕೈ ಬರುವುದಿಲ್ಲ ಎಂದಳು. ಜೋಡಿ ಅತ್ತೆ ಹೊಸಿಲ ಬಳಿ ಚಪ್ಪಲಿ ಮೆಟ್ಟುತ್ತಾ ಇನ್ನೊಂದು ವಿಷಯ ತಿಳಿಸಿದಳು. ಒಂದೇ ಕೆಲಸ ಮಾಡಿದ ಇಬ್ಬರಲ್ಲಿ ಒಬ್ಬಳು ನಾಲ್ಕು, ಇನ್ನೊಬ್ಬಳು ಎಂಟು ಬರೆದಿರುವುದನ್ನು ಭತ್ಯೆ ಆಫೀಸಿನವರು ಗಮನಿಸಿದ್ದಾರಂತೆ. ಅಮ್ಮನ ನಾಲ್ಕೇ ಸರಿ ಎಂದಾದರೆ ಉಳಿದ ಹನ್ನೊಂದು ಜನರ ಹಣವೂ ನಿಲ್ಲುತ್ತದೆ, ಕೊಟ್ಟದ್ದನ್ನು ವಾಪಸು ಕೇಳುತ್ತಾರೆ. ಅವಳು ಹೆದರಿಸಲೆಂದು ಹೇಳಿದ್ದಲ್ಲ. ಹೇಳಿ, ಅಜ್ಜಿಯ ಕಾಲು ನೋವು ಹೇಗಿದೆ ಎಂದು ವಿಚಾರಿಸಿಯೇ ಹೋದಳು.

ಕಾರ್ಖಾನೆಯಿಂದ ಒಂದು ಪತ್ರ ತಂದರೆ ಆಯಿತಲ್ಲ ಎಂದುಕೊಂಡು ನಾನು ಹೋದೆ. ಅವರು ಕೊಟ್ಟಿದ್ದ ಪ್ರಮಾಣಪತ್ರದಲ್ಲಿ ವರ್ಷ ಇತ್ತು, ಸಂಬಳ ಇತ್ತು, ಗಂಟೆಯ ಜಾಗದಲ್ಲಿ ಬರೀ ಒಂದು ಗೆರೆ. ಆ ವಿಭಾಗವೇ ಈಗ ಇಲ್ಲ, ಕಡತ ಹುಡುಕಲು ಆರು ವಾರ ಬೇಕು ಎಂದರು. ಆಫೀಸಿಗೆ ಫೋನು ಮಾಡಿ ಜೋಡಿ ಅತ್ತೆಯ ಸಾಕ್ಷಿ ನಡೆಯುತ್ತದೆಯೇ ಎಂದು ಕೇಳಿದೆ. ತಾನೇ ಅರ್ಜಿ ಹಾಕಿದವಳ ಮಾತು ಆಧಾರವಾಗುವುದಿಲ್ಲ ಎಂದರು. ಹದಿನೈದರಲ್ಲಿ ಒಂಬತ್ತು ದಿನ ಹೀಗೆ ಕಳೆದವು.

ಹತ್ತನೇ ದಿನ ಮಧ್ಯಾಹ್ನ ಅಜ್ಜಿ ಅಮ್ಮನನ್ನು ಎದುರಿಗೆ ಕೂರಿಸಿಕೊಂಡಳು. ಬಟ್ಟೆ ಮಡಚುವ ನೆಪ. ಆ ಎರಡು ತಲೆಯ ಹಕ್ಕಿಯ ಕಥೆ ನೆನಪಿದೆಯೇ ಎಂದು ಕೇಳಿದಳು. ಅಮ್ಮ ನಿಟ್ಟುಸಿರಿಟ್ಟಳು.

"ಊರಿನೋರು ಎಚ್ಚರ ಇದ್ದ ತಲೆಯೊಂದಕ್ಕೇ ಕಾಳು ಹಾಕಿದ್ರೆ ಹಕ್ಕಿ ಬದುಕ್ತಿತ್ತಾ?" ಅಂದಳು ಅಜ್ಜಿ.

"ಅಮ್ಮಾ, ಆಫೀಸಿನೋರು ಹಕ್ಕಿ ಕಥೆ ಕೇಳಲ್ಲ. ಕಾಗದ ಕೇಳ್ತಾರೆ."

"ಕಾಗದ ಆಮೇಲೆ. ಮೊದ್ಲು ನನಗೆ ಹೇಳು. ಆ ಇಪ್ಪತ್ತು ನಿಮಿಷದಲ್ಲಿ ನೀನು ಎದ್ದು ಹೊರಗೆ ಹೋಗಬಹುದಾಗಿತ್ತಾ?"

ಇಲ್ಲ ಎಂದಳು ಅಮ್ಮ. ಪುಸ್ತಕ ಓದಬಹುದಾಗಿತ್ತಾ? ಇಲ್ಲ. ಕಿಟಕಿಯಿಂದ ಬೀದಿ ನೋಡಬಹುದಾಗಿತ್ತಾ? ಅದೂ ಇಲ್ಲ, ಬಿಸಿಲಿಗೆ ಕಣ್ಣು ಒಡ್ಡಬಾರದು. ಹೆಣಿಗೆ ಹಾಕಬಹುದಾಗಿತ್ತಾ?

ಅಮ್ಮ ಕೈಯಲ್ಲಿದ್ದ ದಿಂಬಿನ ಚೀಲವನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದವಳು, ಮಂಡಿ ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದಳು. ಕೇಳಬಾರದ್ದನ್ನು ಕೇಳಿದೆ ಎಂದು ಅವಳಿಗೆ ಗೊತ್ತಾಗಿರಬೇಕು. ಅಥವಾ ಬೇಕೆಂದೇ ಕೇಳಿದಳೋ. ಅಜ್ಜಿಯ ವಿಷಯದಲ್ಲಿ ಹೇಳುವುದು ಕಷ್ಟ.

ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಬೀರುವಿನ ಕೆಳಗಿನ ಖಾನೆ ಎಳೆದಳು. ನನ್ನ ಹಳೇ ಬಟ್ಟೆಗಳ ಗಂಟು ಹೊರತೆಗೆದು ಅದರಿಂದ ನನ್ನ ಉಣ್ಣೆ ಟೋಪಿ ಎತ್ತಿದಳು.

ಆ ಟೋಪಿಯ ಬಗ್ಗೆ ಹೇಳಬೇಕು. ಒಂದನೇ ತರಗತಿಯಲ್ಲಿ ನಾನು ಹಾಕಿಕೊಂಡು ಮೆರೆದದ್ದು. ಅರ್ಧ ಕೆಂಪು, ಉಳಿದರ್ಧ ಬೂದು. ಕೆಂಪು ಮುಗಿದು ಬೂದು ಶುರುವಾಗುವ ಜಾಗ ಹೊಲಿಗೆಯ ಹಾಗೆ ನೇರವಾಗಿಯೂ ಇಲ್ಲ, ನಟ್ಟನಡುವೆ ಎಲ್ಲೋ ಕಡಿದ ಹಾಗಿದೆ. ಯಾಕೆ ಹೀಗೆ ಎಂದು ಕೇಳಿದಾಗ ಅಜ್ಜಿ, ಸಂಜೆ ಸೂರ್ಯ ಮುಳುಗುವಾಗ ನಿನ್ನಮ್ಮ ಆಕಾಶದ ಅಂಚು ಹಿಡಿದು ಎಳೆದಳು, ಕೆಂಪು ಕೈಗೆ ಬಂತು, ಅಷ್ಟರಲ್ಲಿ ಕತ್ತಲಾಗಿ ಬೂದು ಬಂತು ಎಂದು ಕಥೆ ಕಟ್ಟಿದ್ದಳು. ಅದನ್ನು ನಾನು ಇಡೀ ತರಗತಿಗೆ ಹೇಳಿದ್ದೆ. ಯಾರೂ ನಂಬದಿದ್ದಾಗ ಒಬ್ಬಳ ಕೈ ಕಚ್ಚಿ ಮನೆಗೆ ಬಂದಿದ್ದೆ.

ಅಮ್ಮ ಟೋಪಿಯ ಮಡಿಕೆಯೊಳಗೆ ಬೆರಳು ತೂರಿಸಿ ಸಣ್ಣದೊಂದು ಹಳದಿ ಚೀಟಿ ತೆಗೆದಳು. ನನ್ನ ಕೈಗೆ ಕೊಡುವಾಗ ಅವಳ ಕಿವಿ ಕೆಂಪಾಗಿತ್ತು.

"ವಿಶ್ರಾಂತಿ ವೇಳೆಯಲ್ಲಿ ಹೆಣಿಗೆ ಹಾಕಿ ಕಣ್ಣು ದುಡಿಸಿದ್ದಕ್ಕಾಗಿ ಅರ್ಧ ದಿನದ ಸಂಬಳ ಕಡಿತ. ಉಣ್ಣೆ, ಕಡ್ಡಿ ವಶ." ಕೆಳಗೆ ಮೇಸ್ತ್ರಿಯ ಸಹಿ, ಕಾರ್ಖಾನೆಯ ದುಂಡು ಮೊಹರು.

ಚಳಿ ಬಂದುಬಿಟ್ಟಿತ್ತಂತೆ. ಮನೆಗೆ ಬಂದರೆ ಅಡುಗೆ, ನಾನು, ನನ್ನ ಕೆಮ್ಮು. ಹೆಣೆಯಲು ಹೊತ್ತೇ ಸಿಗದೆ ಮೂರು ದಿನ ಬೆಂಚಿನ ಮೇಲೆ ಕದ್ದು ಹೆಣೆದಳಂತೆ. ನಾಲ್ಕನೇ ದಿನ ಮೇಸ್ತ್ರಿಯ ಕಣ್ಣಿಗೆ ಬಿತ್ತು. ಕೆಂಪು ಉಂಡೆ ಅಲ್ಲೇ ಹೋಯಿತು. ಮನೆಯಲ್ಲಿದ್ದದ್ದು ಬೂದು. ಇಷ್ಟನ್ನೂ ಅಮ್ಮ ಗೋಡೆಗೆ ಹೇಳುವಂತೆ ಹೇಳಿದಳು. ಜೋಡಿ ಅತ್ತೆಯೊಬ್ಬಳನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ. ಅವಳೂ ಹದಿನೇಳು ವರ್ಷ ತುಟಿ ಬಿಚ್ಚಿರಲಿಲ್ಲ.

ನನಗೆ ಥಟ್ಟನೆ ಹೊಳೆಯಿತು. ಬಾಯಿ ತೆರೆಯುವಷ್ಟರಲ್ಲಿ ಅಮ್ಮನೇ ಅಂದಳು:

"ಆ ಹೊತ್ತು ನನ್ನದಾಗಿದ್ರೆ ಅವ್ರು ಸಂಬಳ ಯಾಕೆ ಹಿಡೀಬೇಕಿತ್ತು?"

ಕೇಳಿದ್ದು ನನ್ನನ್ನಲ್ಲ. ಅವಳು ಆ ಚೀಟಿಯನ್ನು ಬೆಳಕಿಗೆ ಹಿಡಿದು, ಬಾಟಲಿ ನೋಡುವಂತೆ, ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಇಷ್ಟು ವರ್ಷ ಅದರಲ್ಲಿ ಕಂಡದ್ದು ತನ್ನ ತಪ್ಪು. ಈಗ ಬೇರೆಯದೇ ಏನೋ ಕಾಣುತ್ತಿತ್ತು. ಆದರೂ ಅದನ್ನು ಯಾರೋ ಅಪರಿಚಿತರ ಮೇಜಿನ ಮೇಲೆ ಇಡುವುದು ಅಮ್ಮನಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತಿತ್ತು. ಬೀದಿಯಲ್ಲಿ ಸೆರಗು ಜಾರಿದರೂ ಅಷ್ಟು ನಾಚುವವಳಲ್ಲ. ಉಳಿದ ನಾಲ್ಕು ದಿನ ನಾನು ಏನೂ ಕೇಳಲಿಲ್ಲ, ಅಜ್ಜಿಯೂ ಕೇಳಲಿಲ್ಲ. ಹದಿನೈದನೇ ದಿನ ಬೆಳಿಗ್ಗೆ ಅಮ್ಮ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಚೀಟಿಯನ್ನು ಟೋಪಿಯ ಸಮೇತ ಕೈಚೀಲಕ್ಕೆ ಹಾಕಿಕೊಂಡು, "ಬಾ ಪುಟ್ಟಿ" ಅಂದಳು.

ಆಫೀಸಿನ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಎಲೆ ಉದುರುತ್ತಿದ್ದ ಒಂದು ಕುಂಡದ ಗಿಡ. ಅಧಿಕಾರಿಣಿ ಹೆಚ್ಚುಕಡಿಮೆ ಅಮ್ಮನ ವಯಸ್ಸಿನವಳು. ಕನ್ನಡಕವನ್ನು ತಲೆಯ ಮೇಲಕ್ಕೆ ಸರಿಸಿಕೊಂಡು, ಕಡತದಲ್ಲಿ ಮುಖ ಹುದುಗಿಸಿ ಕೂತಿದ್ದಳು. ನಾಲ್ಕು ಎಂದು ನೀವೇ ಬರೆದಿದ್ದೀರಿ, ಸಹಿಯೂ ನಿಮ್ಮದೇ, ಈಗ ಬದಲಿಸಲು ಏನು ಕಾರಣ ಎಂದು ಕೇಳಿದಳು. ಒರಟಾಗಿಯೇನೂ ಕೇಳಲಿಲ್ಲ. ಬೆಳಗಿನಿಂದ ಅದನ್ನೇ ಎಷ್ಟೋ ಜನರನ್ನು ಕೇಳಿದ ಆಯಾಸ ಮಾತ್ರ.

ಅಮ್ಮ ಬೆನ್ನು ನೆಟ್ಟಗೆ ಮಾಡಿದಳು. ಸ್ಟೂಲಿನ ಮೇಲೆ ಕೂರುತ್ತಿದ್ದದ್ದು ಹಾಗೇ ಇರಬೇಕು, ನಾನು ಒಮ್ಮೆಯೂ ನೋಡಿರಲಿಲ್ಲ.

"ನಾಲ್ಕು ಅಂತ ಬರೆದಿದ್ದು ಸುಳ್ಳಲ್ಲ ಮೇಡಂ. ನೋಡಿದ್ದು ನಾಲ್ಕೇ ಗಂಟೆ. ಉಳಿದ ನಾಲ್ಕು ಗಂಟೆ ಕಣ್ಣು ಮುಚ್ಚಿ ಕೂತಿದ್ದೆ."

"ಅದು ವಿಶ್ರಾಂತಿ ಅಲ್ವಾ?"

"ಹಾಗೇ ಅಂದ್ಕೊಂಡಿದ್ದೆ." ಅಮ್ಮ ಕೈಚೀಲದಿಂದ ಟೋಪಿ ತೆಗೆದಳು, ಟೋಪಿಯಿಂದ ಚೀಟಿ ತೆಗೆದಳು, ಮೇಜಿನ ಮೇಲೆ ಅಧಿಕಾರಿಣಿಯ ಕಡೆಗೆ ತಿರುಗಿಸಿ ಇಟ್ಟಳು. "ಇದನ್ನ ಓದಿ. ನಾನು ಸುಮ್ನೆ ಕೂತಿಲ್ಲ ಅಂತ ನನಗೆ ದಂಡ ಹಾಕಿದ್ದಾರೆ. ಸುಮ್ನೆ ಕೂರೋದು ಅವ್ರ ಕೆಲ್ಸ ಆಗಿದ್ದಕ್ಕೆ ತಾನೇ ದಂಡ? ನಾನು ಕಣ್ಣು ಮುಚ್ಚಿ ಕೂತಿರ್ಲಿಲ್ಲ ಅಂದ್ರೆ ಮುಂದಿನ ಇಪ್ಪತ್ತು ನಿಮಿಷ ಜೋಕಾಲಿ ಕಾಣ್ತಿರ್ಲಿಲ್ಲ."

ಅಧಿಕಾರಿಣಿ ಕನ್ನಡಕ ಕೆಳಗಿಳಿಸಿದಳು. ಚೀಟಿ ಓದಿದಳು. ಮೊಹರನ್ನು ಉಗುರಿನಿಂದ ಸವರಿದಳು. ಜೋಕಾಲಿ ಎಂದರೇನು ಎಂದು ಕೇಳಿದಳು. ಅಮ್ಮ ವಿವರಿಸಿದಳು: ಬಾಟಲಿಯ ಗೋಡೆ, ನಡುವೆ ತೂಗುವ ಎಳೆ, ಮಗುವಿನ ಚಮಚ. ಹೇಳುತ್ತಾ ಹೇಳುತ್ತಾ ಅವಳ ಎಡಗೈ ತಾನಾಗಿಯೇ ಎದ್ದು, ಇಲ್ಲದ ಬಾಟಲಿಯೊಂದನ್ನು ಗಾಳಿಯಿಂದ ಎತ್ತಿ ಪಕ್ಕಕ್ಕೆ ಹಾಕಿತು. ಅಷ್ಟು ಚುರುಕಾಗಿ, ಅಷ್ಟು ಹಗುರವಾಗಿ. ಅಜ್ಜಿ ಎಷ್ಟೋ ರಾಣಿಯರ ಕಥೆ ಹೇಳಿದ್ದಾಳೆ. ಅವರಲ್ಲಿ ಯಾವ ರಾಣಿಯ ಕೈಯನ್ನೂ ನಾನು ಹಾಗೆ ಬೆರಗಾಗಿ ನೋಡಿಲ್ಲ.

ಅಧಿಕಾರಿಣಿ ಟೋಪಿಯನ್ನೂ ಕೈಗೆತ್ತಿಕೊಂಡು, ಕೆಂಪು ಕಡಿದ ಜಾಗವನ್ನು ಮುಟ್ಟಿ ನೋಡಿದಳು. ಇವಳದೇನಾ ಎಂಬಂತೆ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಈ ಚೀಟಿಯ ನಕಲು ಕಡತಕ್ಕೆ ಸೇರಿಸಬೇಕಾಗುತ್ತದೆ, ಆಗಬಹುದೇ ಎಂದು ಅಮ್ಮನನ್ನು ಕೇಳಿದಳು.

"ಸೇರಿಸ್ಕೊಳ್ಳಿ" ಅಂದಳು ಅಮ್ಮ. "ಆದ್ರೆ ಹತ್ತೊಂಬತ್ತು ವರ್ಷಕ್ಕೆ ಇದೊಂದೇ ಅಂತಾನೂ ಬರ್ಕೊಳ್ಳಿ."

ಅಧಿಕಾರಿಣಿ ನಗಲಿಲ್ಲ. ಪೆನ್ನು ತೆಗೆದುಕೊಂಡು ಅಮ್ಮನ ಎದುರಿಗೇ ಬರೆದಳು. ಬರೆದದ್ದನ್ನು ಓದಿಯೂ ಹೇಳಿದಳು: "ಸೇವಾವಧಿಯ ಹತ್ತೊಂಬತ್ತು ವರ್ಷಗಳಲ್ಲಿ ಇದು ಏಕೈಕ ದಂಡ." ಅಮ್ಮ ಆ ವಾಕ್ಯವನ್ನು ತಲೆ ವಾಲಿಸಿ ಕೇಳಿ, ಸರಿ ಇದೆ ಎಂದಳು.

ಹನ್ನೆರಡು ದಿನದ ಮೇಲೆ ಮಂಜೂರಾತಿ ಪತ್ರ ಬಂತು. ದಿನಕ್ಕೆ ಎಂಟು ಗಂಟೆಯ ಪೂರ್ಣಾವಧಿ ಕೆಲಸ. ಅರ್ಜಿ ಕೊಟ್ಟ ದಿನದಿಂದಲೇ ಭತ್ಯೆ. ಜೋಡಿ ಅತ್ತೆಯ ತನಿಖೆಯೂ ಮುಚ್ಚಿತು, ಉಳಿದವರದೂ. ಅಮ್ಮ ಪತ್ರ ಹಿಡಿದುಕೊಂಡು ಸೀದಾ ಅವಳ ಮನೆಗೆ ಹೋದಳು. ಅಲ್ಲಿ ಏನು ಮಾತಾಯಿತೋ ನನಗೆ ತಿಳಿಯದು. ಹೋಗುವಾಗ ಒಂದು ಬುಟ್ಟಿ ಕಿತ್ತಳೆ ಒಯ್ದಳು, ಬರುವಾಗ ಖಾಲಿ ಬುಟ್ಟಿ ಮತ್ತು ಊದಿಕೊಂಡ ಕಣ್ಣು ತಂದಳು. ಕ್ಷಮೆ ಕೇಳಿದೆಯಾ ಎಂದು ಅಜ್ಜಿ ವಿಚಾರಿಸಿದ್ದಕ್ಕೆ, ನಮ್ಮಿಬ್ಬರಲ್ಲಿ ಅದೆಲ್ಲ ಬಾಯಲ್ಲಿ ಕೇಳುವ ಪದ್ಧತಿ ಇಲ್ಲ ಎಂದಳು.

ಹದಿನೈದು ದಿನಕ್ಕೊಮ್ಮೆ ಆಫೀಸಿಗೆ ಹೋಗಿ ಸಹಿ ಹಾಕಬೇಕು. ಮೊದಲನೇ ಸಲ ನಾನೂ ಜೊತೆಗೆ ಹೋದೆ. ಸಾಲು ಬಾಗಿಲಾಚೆಯವರೆಗೂ ಇತ್ತು. ಎಲ್ಲರೂ ಕಿಟಕಿಯ ಬಳಿ ಹೋದಾಗ ಬಗ್ಗಿ, ಪಕ್ಕದವರಿಗೆ ಕೇಳದಂತೆ ಉತ್ತರಿಸುತ್ತಿದ್ದರು; ಗುಮಾಸ್ತ ಮತ್ತೆ ಮತ್ತೆ "ಏನಂದ್ರಿ" ಎನ್ನುತ್ತಿದ್ದ. ಅಮ್ಮನ ಸರದಿ ಬಂತು. ಅವಳು ಬಗ್ಗಲಿಲ್ಲ. ಹಿಂದಿನ ಕೆಲಸ ಏನು ಎಂದು ಅವನು ತಲೆ ಎತ್ತದೆ ಕೇಳಿದ.

"ಬಾಟಲಿ ನೋಡೋದು" ಅಂದಳು ಅಮ್ಮ. ಸಾಲಿನ ಕೊನೆಯವನಿಗೂ ಕೇಳಿಸಿರಬೇಕು.

"ದಿನಕ್ಕೆ ಎಷ್ಟು ಗಂಟೆ?"

"ಎಂಟು. ನಾಲ್ಕು ಗಂಟೆ ಕಣ್ಣು ಬಿಟ್ಟು, ನಾಲ್ಕು ಗಂಟೆ ಕಣ್ಣು ಮುಚ್ಚಿ."

ಗುಮಾಸ್ತ ಈಗ ತಲೆ ಎತ್ತಿದ. ಹಿಂದೆ ಯಾರೋ ಕಿಸಕ್ಕೆಂದರು. ನಮ್ಮ ಹಿಂದೆಯೇ ನಿಂತಿದ್ದ ಜೋಡಿ ಅತ್ತೆ ಕತ್ತು ತಿರುಗಿಸಿ, ನಕ್ಕವನನ್ನು ಅಡಿಯಿಂದ ಮುಡಿಯವರೆಗೆ, ಪರದೆಯ ಮುಂದೆ ಬಂದ ಬಾಟಲಿಯ ಹಾಗೆ, ಒಂದು ಸಲ ನೋಡಿದಳು. ಅವನ ನಗು ಅಲ್ಲಿಗೇ ನಿಂತಿತು.

ಅಮ್ಮ ಸಹಿ ಹಾಕಿದಳು. ಮುತ್ತು ಪೋಣಿಸಿದಂಥ ಅಕ್ಷರ. ಆಮೇಲೆ ಬೆಂಚಿನ ಮೇಲೆ ಕೂತು ಜೋಡಿ ಅತ್ತೆಯ ಸರದಿ ಮುಗಿಯುವುದನ್ನು ಕಾದಳು, ಕೈಚೀಲದಿಂದ ಕಡ್ಡಿ ತೆಗೆದು, ಹೊಸ ಕೆಂಪು ಉಣ್ಣೆಯ ತುದಿ ಹುಡುಕುತ್ತಾ.